ಯಂತ್ರ ಮೊದಲು ಯಾರ ಬಾಗಿಲಿಗೆ ಬರ್ತದ?



ಪೋಸ್ಟ್ ಉದ್ದ ಅದ. ಟೈಮ್ ಮಾಡ್ಕೊಂಡು ಪೂರ್ತಿ ಓದ್ರಿ, ಆಮ್ಯಾಲೆ ಜಗಳ ಮಾಡ್ರಿ.

ಈಗ ಎಲ್ಲಿ ನೋಡಿದ್ರೂ ಎಐ ಮಾತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಇಂಡಿಯಾಎಐ ಮಿಷನ್ ಅಂತ ಐದು ವರ್ಷಕ್ಕೆ ಸುಮಾರು 10,372 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ ಪ್ರತಿ ವರ್ಷ ಟೆಕ್ ಸಮ್ಮಿಟ್ ನಡೀತದೆ, ದೊಡ್ಡ ದೊಡ್ಡ ಒಪ್ಪಂದಗಳ ಫೋಟೋ ಬರ್ತಾವ. ಇದನ್ನೆಲ್ಲ ನೋಡಿ ನಮ್ಮ ತೆಂಗಳಿ, ಚಿಂಚೋಳಿ, ಸೇಡಂ ಕಡೆಯ ಮಂದಿ ಏನಂತಾರ? "ಅದು ಬೆಂಗಳೂರಿನವರ ವಿಷಯ ಬಿಡ್ರಿ, ನಮಗೇನು ಸಂಬಂಧ?"

ಸಂಬಂಧ ಅದ. ನಮ್ಮ ಊರಿಗೆ ಅದು ಬಂದು ಕೂತಾಗಿದೆ. ಲ್ಯಾಪ್‌ಟಾಪ್ ರೂಪದಾಗ ಬರಲಿಲ್ಲ, ಅದಕ್ಕೇ ನಮಗೆ ಗುರುತು ಸಿಗಲಿಲ್ಲ.

ಕಲಬುರಗಿಯ ಯಾವುದೇ ದೊಡ್ಡ ದಾಲ್ ಮಿಲ್‌ಗೆ ಹೋಗಿ ನೋಡ್ರಿ. ಹಿಂದೆ ಸಾಲಾಗಿ ಕೂತು ಬೇಳೆಯೊಳಗಿನ ಕಲ್ಲು, ಕಪ್ಪು ಕಾಳು ಆರಿಸುತ್ತಿದ್ದವರು ನಮ್ಮ ಹೆಣ್ಣುಮಕ್ಕಳು. ಈಗ ಸಾರ್ಟೆಕ್ಸ್ ಮಷಿನ್ ಅದ. ಒಳಗೆ ಕ್ಯಾಮೆರಾ ಇರ್ತದೆ. ಅದು ಒಂದೊಂದು ಕಾಳಿನ ಬಣ್ಣ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆ ಹಾಕ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರಿಗೆ ಎನ್‌ಎಂಎಂಎಸ್ ಆ್ಯಪ್ ಗೊತ್ತೇ ಅದ. 2023ರ ಜನವರಿ 1ರಿಂದ ಅದು ಕಡ್ಡಾಯ ಆಯ್ತು. ದಿನಕ್ಕೆ ಎರಡು ಸಲ ಫೋಟೋ. ನೆಟ್‌ವರ್ಕ್ ಇಲ್ಲ ಅಂದ್ರೆ ಹಾಜರಿ ಇಲ್ಲ, ಹಾಜರಿ ಇಲ್ಲ ಅಂದ್ರೆ ಕೂಲಿ ಇಲ್ಲ. 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿಯೂ ಕಡ್ಡಾಯ ಆಯ್ತು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ದುಡಿದವರೇ ಅಲೆದಾಡಬೇಕು.

ಅಂದ್ರೆ ಯಂತ್ರ ಬಂದಿದೆ. ನನ್ನ ಪ್ರಶ್ನೆ ಮೂರೇ. ಅದು ಮೊದಲು ಯಾರ ಬಾಗಿಲಿಗೆ ಬಂತು? ಅದು ಯಾರ ಕೈಯಲ್ಲಿದೆ? ಅದು ತಪ್ಪು ಮಾಡಿದಾಗ ಉತ್ತರ ಕೊಡೋರು ಯಾರು?

*

ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ನಾನು ಯಂತ್ರದ ವಿರೋಧಿ ಅಲ್ಲ. ದಲಿತರು ಯಂತ್ರದ ವಿರೋಧಿ ಆಗೋದಕ್ಕೆ ಕಾರಣವೂ ಇಲ್ಲ. "ಹಳೇ ಕಾಲದ ಹಳ್ಳಿ ಎಷ್ಟು ಚಂದ ಇತ್ತು" ಅನ್ನೋರು ಆ ಹಳ್ಳಿಯಲ್ಲಿ ಸತ್ತ ದನ ಹೊತ್ತವರಲ್ಲ. ಗಾಂಧೀಜಿ ಯಂತ್ರ ನಾಗರಿಕತೆಯನ್ನೇ ಅನುಮಾನದಿಂದ ನೋಡಿದಾಗ, ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಅದಕ್ಕೆ ನೇರ ಉತ್ತರ ಕೊಟ್ಟರು. ಅವರ ವಾದದ ತಿರುಳು ಇಷ್ಟು: ಕೆಡುಕು ಇರೋದು ಯಂತ್ರದಲ್ಲಲ್ಲ, ಯಂತ್ರದ ಲಾಭ ಕೆಲವೇ ಜನರ ಪಾಲಾಗುವ ಸಮಾಜದ ಏರ್ಪಾಡಿನಲ್ಲಿ. ಮನುಷ್ಯನಿಗೆ ಪ್ರಾಣಿಗಿಂತ ಬೇರೆಯಾದ ಬದುಕು ಬೇಕಾದರೆ ಬಿಡುವು ಬೇಕು, ಬಿಡುವು ಬೇಕಾದರೆ ಯಂತ್ರ ಬೇಕು ಅನ್ನೋದು ಅವರ ನಿಲುವು. ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ದುಡಿಮೆಯ ಅವಧಿಯನ್ನು ಎಂಟು ಗಂಟೆಗೆ ಇಳಿಸಲು ಶ್ರಮಿಸಿದರು. 1947ರಲ್ಲಿ ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಮೂಲ ಕೈಗಾರಿಕೆಗಳು ಸರ್ಕಾರದ ಒಡೆತನದಲ್ಲಿ ಇರಬೇಕು, ಅದೂ ಸಂವಿಧಾನದಲ್ಲೇ ಬರೆದಿರಬೇಕು ಅಂದರು.

ಈ ಎರಡನ್ನೂ ಕೂಡಿಸಿ ಓದ್ರಿ. ಯಂತ್ರ ಬರಲಿ, ಆದರೆ ಅದು ಉಳಿಸಿದ ಗಂಟೆ ದುಡಿಯುವವನಿಗೆ ಸಿಗಲಿ. ಇದು ಅಂಬೇಡ್ಕರ್ ಅರ್ಥಶಾಸ್ತ್ರ.

ಈಗ ಆಗ್ತಿರೋದು ಏನು? ಯಂತ್ರವೂ ಬಂತು, ದುಡಿಮೆಯ ಗಂಟೆಯೂ ಹೆಚ್ಚಾಯ್ತು. 2023ರಲ್ಲಿ ಇದೇ ಕರ್ನಾಟಕದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ಪಾಳಿಗೆ ದಾರಿ ಮಾಡಿದರು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2025ರಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ, ಐಟಿ ಕಂಪನಿಗಳಿಗೂ ದಿನಕ್ಕೆ 10 ಗಂಟೆಯ ಪ್ರಸ್ತಾವ ಮುಂದಿಟ್ಟಿತು. ಪಕ್ಷ ಬದಲಾಯ್ತು, ಗಡಿಯಾರ ಮಾತ್ರ ಒಂದೇ ಕಡೆ ತಿರುಗ್ತಾ ಅದ.

*

ನಮ್ಮ ಭಾಗಕ್ಕೆ ಈ ಪಾಠ ಹೊಸದಲ್ಲ. ಶಹಾಬಾದ್ ನೋಡ್ರಿ. ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಕಂಡ ಊರು. ದೇಶದ ಎಷ್ಟೋ ಮನೆ, ರೈಲು ನಿಲ್ದಾಣಗಳ ನೆಲಕ್ಕೆ ಇಲ್ಲಿಯ ಕಲ್ಲು ಹಾಸಿದ್ದಾರೆ. ಆಮೇಲೆ ಏನಾಯ್ತು? ಕಾರ್ಖಾನೆ ಕೈಯಿಂದ ಕೈಗೆ ಹೋಗಿ ಕಡೆಗೆ ಮುಚ್ಚಿತು. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಶಹಾಬಾದಿ ಕಲ್ಲನ್ನು ಕೇಳೋರು ಕಮ್ಮಿ ಆದರು. ಖಣಿಯಲ್ಲಿ ಕಲ್ಲು ಎಬ್ಬಿಸ್ತಿದ್ದವರು ಹೈದರಾಬಾದ್, ಪುಣೆ, ಮುಂಬೈ ಬಸ್ಸು ಹತ್ತಿದರು. ಮಾಲೀಕರು ಬೇರೆ ಧಂದೆ ಹಿಡಿದರು. ಕಾರ್ಮಿಕರಿಗೆ ಬೇರೆ ಕೆಲಸ ಕಲಿಸೋ ಯೋಜನೆಯನ್ನು ಯಾರೂ ತರಲಿಲ್ಲ. ಒಂದು ಊರಿನ ಆರ್ಥಿಕತೆ ಬದಲಾಗೋದು ಅಂದ್ರೆ ಹೀಗೆ. ಬದಲಾವಣೆ ಎಲ್ಲರಿಗೂ ಬರ್ತದ, ಅದರ ಪೆಟ್ಟು ಮಾತ್ರ ಕೆಳಗಿದ್ದವರಿಗೆ ಬೀಳ್ತದ.

ಈಗ ಸಿಮೆಂಟ್ ಕಡೆ ಬರೋಣ. ವಾಡಿಯಲ್ಲಿ ಎಸಿಸಿ ಇದೆ. ಅದು 2022ರಲ್ಲಿ ಅದಾನಿ ಗುಂಪಿನ ಕೈಗೆ ಹೋಯ್ತು. ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್ ಸಿಮೆಂಟ್ ಇತ್ತು. 2025ರಲ್ಲಿ ಅದೂ ಅದಾನಿಯವರ ಅಂಬುಜಾ ಪಾಲಾಯ್ತು. ಮಳಖೇಡದ ಕಾರ್ಖಾನೆ ಬಿರ್ಲಾ ಗುಂಪಿನ ಅಲ್ಟ್ರಾಟೆಕ್‌ನದು. ಸೇಡಂನ ವಾಸವದತ್ತಾ ಸಿಮೆಂಟ್ ಕೂಡ 2025ರಲ್ಲಿ ಅಲ್ಟ್ರಾಟೆಕ್ ಸೇರಿತು. ಕೊಡ್ಲಾದಲ್ಲಿ ಶ್ರೀ ಸಿಮೆಂಟ್, ಚಿಂಚೋಳಿ ತಾಲ್ಲೂಕಿನಲ್ಲಿ ಚೆಟ್ಟಿನಾಡ್. ಅಂದ್ರೆ ನಮ್ಮ ಸುಣ್ಣಕಲ್ಲಿನ ಭೂಮಿಯ ಬಹುಪಾಲು ಈಗ ಬೆರಳೆಣಿಕೆಯ ಮನೆತನಗಳ ಲೆಕ್ಕಪುಸ್ತಕದಲ್ಲಿ ಅದ.

ಒಡೆತನ ಹೀಗೆ ಒಂದೇ ಕಡೆ ಸೇರೋದಕ್ಕೂ ಎಐಗೂ ಏನು ಸಂಬಂಧ? ಸಂಬಂಧ ಅದ ನೋಡ್ರಿ. ಆಧುನಿಕ ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್ ಎಷ್ಟು ಕಾಯಬೇಕು, ಕಲ್ಲಿದ್ದಲು ಎಷ್ಟು ಹಾಕಬೇಕು, ಯಾವ ಬೇರಿಂಗ್ ಯಾವಾಗ ಕೆಡ್ತದ ಅನ್ನೋದನ್ನ ಸಾಫ್ಟ್‌ವೇರ್ ಹೇಳ್ತದ. ಒಂದೇ ಮಾಲೀಕನ ಹತ್ತು ಕಾರ್ಖಾನೆಗಳನ್ನು ದೂರದ ಒಂದು ಕೋಣೆಯಿಂದ ನೋಡಬಹುದು. ಕಾಯಂ ಆಪರೇಟರ್, ಲ್ಯಾಬ್ ಹುಡುಗ, ವೇಬ್ರಿಡ್ಜ್ ಗುಮಾಸ್ತ, ಇವರ ಸಂಖ್ಯೆ ಕಮ್ಮಿ ಆಗ್ತದ. ಉಳಿಯೋದು ಯಾವ ಕೆಲಸ? ಧೂಳು ಬಳಿಯೋದು, ಬಿದ್ದ ಕ್ಲಿಂಕರ್ ಎತ್ತೋದು, ಲೋಡಿಂಗ್, ಸ್ವಚ್ಛತೆ. ಅದು ಗುತ್ತಿಗೆ ಕೆಲಸ. ಆ ಕೆಲಸದಲ್ಲಿ ಯಾವ ಕೇರಿಯವರು, ಯಾವ ತಾಂಡಾದವರು ಇರ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಭೂಮಿ ಕೊಟ್ಟಾಗ "ಮನೆಗೊಂದು ನೌಕರಿ" ಅಂದಿದ್ದ ಮಾತಿಗೆ ಈಗ ಹೊಸ ಉತ್ತರ ಸಿದ್ಧ ಆಗ್ತಾ ಅದ: "ನೌಕರಿಯೇ ಇಲ್ಲಪ್ಪ, ಎಲ್ಲ ಆಟೊಮೇಟಿಕ್."

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳೀತು. ಒಳ್ಳೇದು, ಮನೆ ಕಟ್ಟೋರಿಗೆ ಅನುಕೂಲ. ಆದರೆ ಉದ್ಯಮಕ್ಕೆ ಬೇಡಿಕೆ ಹೆಚ್ಚಿಸೋ ಇಂಥ ದೊಡ್ಡ ರಿಯಾಯಿತಿ ಕೊಟ್ಟಾಗ, "ಇಷ್ಟು ಸ್ಥಳೀಯರಿಗೆ ಕಾಯಂ ಕೆಲಸ ಕೊಡಬೇಕು" ಅನ್ನೋ ಒಂದು ಸಾಲಿನ ಷರತ್ತು ಯಾಕಿಲ್ಲ? ನೀತಿ ಅಂದ್ರೆ ಬರೀ ಕೊಡೋದಲ್ಲ, ಕೊಟ್ಟಿದ್ದಕ್ಕೆ ಕೇಳೋದೂ ನೀತಿಯೇ.

*

ತಪ್ಪು ಮಾಡಿದಾಗ ಉತ್ತರ ಕೊಡೋರು ಯಾರು ಅನ್ನೋ ಪ್ರಶ್ನೆಗೆ ದೂರ ಹೋಗೋದು ಬೇಡ. ಸೇಡಂ ದಾಟಿದ್ರೆ ತೆಲಂಗಾಣ. ಅಲ್ಲಿಯ ಸರ್ಕಾರ 'ಸಮಗ್ರ ವೇದಿಕ' ಅನ್ನೋ ವ್ಯವಸ್ಥೆ ತಂದಿತು. ಒಬ್ಬ ಮನುಷ್ಯನ ವಾಹನ, ಆಸ್ತಿ, ಕರೆಂಟ್ ಬಿಲ್ ಇತ್ಯಾದಿ ಬೇರೆ ಬೇರೆ ಇಲಾಖೆಯ ದಾಖಲೆಗಳನ್ನು ಕಂಪ್ಯೂಟರ್ ಜೋಡಿಸಿ, "ಇವನು ಬಡವನಲ್ಲ" ಅಂತ ತೀರ್ಮಾನ ಕೊಡ್ತಿತ್ತು. ಹೆಸರು ಹೋಲಿಕೆ ಆದವರ ಕಾರು ಕೂಲಿಯವನ ಹೆಸರಿಗೆ ಬಿದ್ದ ಪ್ರಕರಣಗಳು ವರದಿ ಆದವು. ಅಲ್ಲಿ ರದ್ದಾದ ಲಕ್ಷಾಂತರ ಪಡಿತರ ಚೀಟಿಗಳನ್ನು ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಯೋಚನೆ ಮಾಡ್ರಿ. ಅಕ್ಕಿ ಕಿತ್ತುಕೊಳ್ಳೋಕೆ ಕಂಪ್ಯೂಟರಿಗೆ ಒಂದು ಕ್ಷಣ ಸಾಕು. ಅದನ್ನ ವಾಪಸ್ ತರೋಕೆ ಮನುಷ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕು.

ನಮ್ಮ ರಾಜ್ಯದಲ್ಲೂ 'ಕುಟುಂಬ' ಅನ್ನೋ ದತ್ತಾಂಶ ವ್ಯವಸ್ಥೆ ಅದ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾದ ಗದ್ದಲ ನೆನಪಿರಬೇಕು. ಅರ್ಹರ ಕಾರ್ಡ್ ವಾಪಸ್ ಕೊಡ್ತೀವಿ ಅಂತ ಸರ್ಕಾರವೇ ಹೇಳಬೇಕಾಗಿ ಬಂತು.

ಇನ್ನು ಉದ್ಯೋಗ ಖಾತ್ರಿ. 2005ರ ಕಾಯ್ದೆಯ ಜಾಗದಲ್ಲಿ 2025ರ ಡಿಸೆಂಬರ್‌ನಲ್ಲಿ ಸಂಸತ್ತು ವಿಬಿ-ಜಿ ರಾಮ್ ಜಿ ಅನ್ನೋ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 125 ದಿನ ಅಂತ ದೊಡ್ಡ ಅಕ್ಷರದಲ್ಲಿ ಹೇಳಿದರು. ಖರ್ಚಿನ ಶೇ 40 ರಾಜ್ಯದ ಮೇಲೆ ಅನ್ನೋದನ್ನ ಸಣ್ಣ ಅಕ್ಷರದಲ್ಲಿ ಬರೆದರು. ಅದೇ ಕಾಯ್ದೆಯಲ್ಲಿ ಬಯೋಮೆಟ್ರಿಕ್ ಗುರುತು, ಜಿಪಿಎಸ್ ನಿಗಾ, ವಂಚನೆ ಹಿಡಿಯಲು ಎಐ ಬಳಕೆ ಇವೆಲ್ಲ ಸೇರಿವೆ. ಎಐ ಕಣ್ಣು ಬೀಳೋದು ಯಾರ ಮೇಲೆ ನೋಡ್ರಿ. ದಿನಕ್ಕೆ ಮುನ್ನೂರು ನಾನೂರು ರೂಪಾಯಿಗೆ ಬದು ಹಾಕೋ ಹೆಣ್ಣುಮಗಳ ಮೇಲೆ. ಬ್ಯಾಂಕಿನ ಸಾಲ ನುಂಗಿದವರ ಮುಖ ದಿನಕ್ಕೆ ಎರಡು ಸಲ ಸ್ಕ್ಯಾನ್ ಮಾಡಿದ್ದು ನೀವು ಕೇಳಿದ್ದೀರಾ?

ತಮಾಷೆ ಏನಂದ್ರೆ, ಎನ್‌ಎಂಎಂಎಸ್‌ನಲ್ಲಿ ಸಂಬಂಧವಿಲ್ಲದ ಫೋಟೋ ಹಾಕ್ತಾರೆ, ಫೋಟೋದ ಫೋಟೋ ತೆಗೆದು ಹಾಕ್ತಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಅಂದ್ರೆ ಕಳ್ಳರಿಗೆ ಆ್ಯಪ್ ಅಡ್ಡಿ ಆಗಲಿಲ್ಲ. ಬಿಸಿಲಿನಲ್ಲಿ ನೆಟ್‌ವರ್ಕ್ ಹುಡುಕ್ತಾ ನಿಂತವರು ಮಾತ್ರ ನಿಜವಾಗಿ ದುಡಿದವರು.

*

ಈಗ ನಮ್ಮ ಓದಿದ ಹುಡುಗ ಹುಡುಗಿಯರ ವಿಷಯ. ಇದೇ ನನಗೆ ಹೆಚ್ಚು ನಿದ್ದೆಗೆಡಿಸಿದ ವಿಷಯ.

ನಮ್ಮ ಸಮಾಜದ ಮೊದಲ ತಲೆಮಾರು ಮೇಲೆ ಬಂದದ್ದು ಹೇಗೆ? ಗುಮಾಸ್ತ, ಟೈಪಿಸ್ಟ್, ಎಫ್‌ಡಿಎ, ಎಸ್‌ಡಿಎ, ಮೇಷ್ಟ್ರು, ಕಂಡಕ್ಟರ್. ಮೀಸಲಾತಿಯ ಏಣಿಯ ಮೊದಲ ಮೆಟ್ಟಿಲು ಅದು. 371(ಜೆ) ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ ಅಂತಾಯ್ತು. ಅದಕ್ಕಾಗಿ ಎಷ್ಟು ವರ್ಷ ಬೀದಿಗಿಳಿದಿದ್ದೇವೆ! ಒಳಮೀಸಲಾತಿಗಾಗಿ ಮೂರು ದಶಕ ಹೋರಾಡಿದೆವು. 2025ರಲ್ಲಿ ರಾಜ್ಯ ಸಚಿವ ಸಂಪುಟ 6, 6, 5 ಅಂತ ಹಂಚಿತು. ಆ ಹಂಚಿಕೆ ಮೇಲೆ ನಮ್ಮ ನಮ್ಮಲ್ಲೇ ಮಾತಿನ ಯುದ್ಧ ನಡೀತು.

ಒಂದು ಪ್ರಶ್ನೆ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರೊಟ್ಟಿ ಹಂಚಿಕೊಳ್ಳೋ ಜಗಳದಲ್ಲಿ ರೊಟ್ಟಿಯೇ ಚಿಕ್ಕದಾಗ್ತಿರೋದನ್ನ ನಾವು ನೋಡ್ತಿದ್ದೀವಾ? ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. ಆ ಖಾಲಿ ಕುರ್ಚಿಯ ಕೆಲಸವನ್ನು ನಾಳೆ ಸಾಫ್ಟ್‌ವೇರ್ ಮಾಡಿದ್ರೆ, "ಹುದ್ದೆ ಭರ್ತಿ ಮಾಡ್ರಿ" ಅನ್ನೋ ನಮ್ಮ ಕೂಗಿಗೆ "ಹುದ್ದೆಯ ಅಗತ್ಯವೇ ಇಲ್ಲ" ಅನ್ನೋ ಉತ್ತರ ಬರ್ತದ. ಗುಮಾಸ್ತನ ಹುದ್ದೆಗೆ ರೋಸ್ಟರ್ ಅದ. ಸಾಫ್ಟ್‌ವೇರಿಗೆ ರೋಸ್ಟರ್ ಇಲ್ಲ. ಮೀಸಲಾತಿ ರದ್ದು ಮಾಡ್ತೀವಿ ಅಂದ್ರೆ ದೇಶ ಹೊತ್ತಿ ಉರೀತದ. ಹುದ್ದೆಯನ್ನೇ ಸದ್ದಿಲ್ಲದೆ ಇಲ್ಲವಾಗಿಸಿದ್ರೆ ಒಂದು ಪೋಸ್ಟರ್ ಕೂಡ ಬೀಳಲ್ಲ.

ಖಾಸಗಿ ಕಡೆ ಹೋಗ್ರಿ ಅಂತಾರ. ಅಲ್ಲಿ ಏನದ? 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಪಾಲು ಕೊಡೋ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು. ಉದ್ಯಮಿಗಳು ಕಣ್ಣು ಕೆಂಪಗೆ ಮಾಡಿದ ಕೂಡಲೇ, ಎರಡು ಮೂರು ದಿನದಲ್ಲೇ ಅದನ್ನು ತಡೆಹಿಡಿದರು. 2025ರಲ್ಲಿ ಟಿಸಿಎಸ್‌ನಂಥ ಕಂಪನಿಯೇ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಮ್ಮಿ ಮಾಡ್ತೀವಿ ಅಂತ ಪ್ರಕಟಿಸಿತು. ಕಲಬುರಗಿಯಲ್ಲಿ ಬಿಸಿಎ, ಬಿಇ ಮುಗಿಸಿ, ಸಾಲ ಮಾಡಿ ಬೆಂಗಳೂರಿನಲ್ಲಿ ಪಿಜಿ ಹಿಡಿದ ನಮ್ಮ ಮಕ್ಕಳು ಹುಡುಕೋದು ಟೆಸ್ಟಿಂಗ್, ಡೇಟಾ ಎಂಟ್ರಿ, ಕಾಲ್ ಸೆಂಟರ್ ಕೆಲಸ. ಎಐ ಮೊದಲು ತಿನ್ನೋದೂ ಅದೇ ಕೆಲಸ. ಮೇಲಿನ ಮಹಡಿಯಲ್ಲಿ ಕೂತವರಿಗೆ ಎಐ ಸಹಾಯಕ. ಆಗಷ್ಟೇ ಗೇಟಿನ ಒಳಗೆ ಕಾಲಿಟ್ಟವರಿಗೆ ಅದೇ ಗೇಟು ಮುಚ್ಚೋ ವಾಚ್‌ಮನ್.

ಇನ್ನು ಆಯ್ಕೆ ಮಾಡೋದೂ ಯಂತ್ರವೇ ಆದ್ರೆ? ಅಮೆಜಾನ್ ಕಂಪನಿ ನೌಕರಿ ಅರ್ಜಿ ಸೋಸೋಕೆ ಮಾಡಿದ್ದ ಎಐ ಹೆಣ್ಣುಮಕ್ಕಳ ಅರ್ಜಿಯನ್ನು ಕೆಳಗೆ ತಳ್ತಿತ್ತು ಅಂತ 2018ರಲ್ಲಿ ಬಯಲಾಯ್ತು. ಹಳೆಯ ಗಂಡಸರ ಅರ್ಜಿಗಳನ್ನು ನೋಡಿ ಕಲಿತಿದ್ದರಿಂದ ಹಾಗಾಯ್ತು. ಚಾಟ್‌ಜಿಪಿಟಿಯಂಥ ಎಐಗಳು ಜಾತಿ ವಿಷಯದಲ್ಲಿ ಹೇಗೆ ನಡ್ಕೊಳ್ತಾವ ಅಂತ 2025ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಪರೀಕ್ಷೆ ಮಾಡಿತು. ಜಾಣ ಯಾರು, ಚರಂಡಿ ಬಳಿಯೋನು ಯಾರು ಅಂತ ಬಿಟ್ಟ ಸ್ಥಳ ತುಂಬೋಕೆ ಹೇಳಿದ್ರೆ, ಬಹುಪಾಲು ಸಲ ಮನುವಿನ ಉತ್ತರವನ್ನೇ ಕೊಟ್ಟವು. ಇದರಲ್ಲಿ ಆಶ್ಚರ್ಯ ಏನಿಲ್ಲ. ಈ ಸಮಾಜ ಬರೆದಿದ್ದನ್ನೇ ಅದು ಓದಿದೆ. ಬ್ಯಾಂಕಿನ ಸಾಲಕ್ಕೂ ಇದೇ ಕಥೆ ಆಗ್ತದ. ಜಾತಿ ಕಾಲಂ ಇರಬೇಕಾಗಿಲ್ಲ. ವಿಳಾಸ, ಅಡ್ಡಹೆಸರು, ಓದಿದ ಶಾಲೆ, ಅಪ್ಪನ ಕೆಲಸ ಸಾಕು, ಕೇರಿ ಯಾವುದು ಅಂತ ಗೊತ್ತಾಗ್ತದ. ಮ್ಯಾನೇಜರ್ ಇದ್ದಾಗ ಎದುರು ನಿಂತು "ಯಾಕ್ರಿ ಸಾಹೇಬ್ರ, ನನಗ್ಯಾಕೆ ಸಾಲ ಇಲ್ಲ?" ಅಂತ ಕೇಳ್ತಿದ್ದೆವು. ಈಗ "ಸಿಸ್ಟಮ್ ರಿಜೆಕ್ಟ್ ಮಾಡ್ಯದ" ಅಂತಾರ. ಸಿಸ್ಟಮ್ ಮೇಲೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕೋಕೆ ಬರಲ್ಲ.

*

ಯಂತ್ರ ಬರಲೇಬೇಕಾದ ಜಾಗ ಒಂದದ. ಮ್ಯಾನ್‌ಹೋಲ್. ಕೇರಳದಲ್ಲಿ 2018ರಲ್ಲೇ ಮ್ಯಾನ್‌ಹೋಲ್ ಶುಚಿ ಮಾಡೋ ರೋಬೋಟ್ ಇಳಿಸಿದರು. ಮಲ ಹೊರುವ ಪದ್ಧತಿ ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ನಮ್ಮವರು ಗುಂಡಿಯಲ್ಲಿ ಉಸಿರುಗಟ್ಟಿ ಸಾಯೋದು ನಿಂತಿಲ್ಲ. ಚಂದ್ರನ ಮೇಲೆ ಇಳಿಯೋ ಯಂತ್ರ ಮಾಡೋ ದೇಶಕ್ಕೆ ಎಂಟು ಅಡಿ ಗುಂಡಿಗೆ ಇಳಿಯೋ ಯಂತ್ರ ಪ್ರತಿ ಪುರಸಭೆಗೂ ಕೊಡೋಕೆ ಆಗಿಲ್ಲ. ಯಾಕಂದ್ರೆ ಅಲ್ಲಿ ಮನುಷ್ಯ ಅಗ್ಗ. ಸಂಬಳ ಜಾಸ್ತಿ ಇರೋ ಕೆಲಸಕ್ಕೆ ಯಂತ್ರ ಓಡಿ ಬರ್ತದ. ಜೀವ ಅಗ್ಗ ಇರೋ ಕೆಲಸಕ್ಕೆ ಸರ್ಕಾರ ಎಳೆದು ತಂದ್ರೆ ಮಾತ್ರ ಬರ್ತದ. ಅದಕ್ಕೇ ನಾನು ಅನ್ನೋದು, ಯಂತ್ರ ಎಲ್ಲಿಗೆ ಮೊದಲು ಬರಬೇಕು ಅನ್ನೋದನ್ನ ಮಾರುಕಟ್ಟೆಗೆ ಬಿಡಬಾರದು.

*

"ಬರೀ ದೂರು ಹೇಳ್ತೀರಿ, ಹೊಸ ಕೆಲಸವೂ ಬರ್ತಾವಲ್ಲ?" ಅಂತ ಕೆಲವರು ಕೇಳಬಹುದು. ಬರ್ತಾವ, ಒಪ್ಪೋಣ. 2025-26ರ ರಾಜ್ಯ ಬಜೆಟ್‌ನಲ್ಲಿ ಬೆಂಗಳೂರಿನ ಆಚೆ ಉದ್ಯಮ ಬೆಳೆಸೋಕೆ ಸಾವಿರ ಕೋಟಿಯ ಯೋಜನೆ ಹೇಳಿದರು, ಕಲಬುರಗಿಯ ಹೆಸರೂ ಅದರಲ್ಲಿದೆ. 'ನಿಪುಣ ಕರ್ನಾಟಕ' ಅನ್ನೋ ತರಬೇತಿ ಕಾರ್ಯಕ್ರಮವೂ ಇದೆ. ಮೇಲಾಗಿ 2023ರಲ್ಲಿ ಬಂದ ಸರ್ಕಾರದಲ್ಲಿ ಐಟಿ-ಬಿಟಿ ಮತ್ತು ಗ್ರಾಮೀಣಾಭಿವೃದ್ಧಿ ಖಾತೆ ಎರಡೂ ಸಿಕ್ಕಿದ್ದು ನಮ್ಮ ಚಿತ್ತಾಪುರದ ಶಾಸಕರಾದ ಪ್ರಿಯಾಂಕ್ ಖರ್ಗೆ ಅವರಿಗೆ. ಕೌಶಲ್ಯಾಭಿವೃದ್ಧಿ ಖಾತೆ ಸಿಕ್ಕಿದ್ದು ಸೇಡಂ ಶಾಸಕರಾದ ಶರಣಪ್ರಕಾಶ ಪಾಟೀಲರಿಗೆ. ಇಂಥ ಅವಕಾಶ ಈ ಎರಡು ತಾಲ್ಲೂಕಿಗೆ ಮತ್ತೆ ಯಾವಾಗ ಬರ್ತದೋ ಗೊತ್ತಿಲ್ಲ. ಹೊಗಳೋರು ಬೇಕಾದಷ್ಟು ಮಂದಿ ಅದಾರ. ನಮ್ಮ ಕೆಲಸ ಲೆಕ್ಕ ಕೇಳೋದು.

ಕಾನೂನು ಮನಸ್ಸು ಮಾಡಿದ್ರೆ ಆಗ್ತದ ಅನ್ನೋದಕ್ಕೂ ಇದೇ ರಾಜ್ಯದಲ್ಲಿ ಉದಾಹರಣೆ ಅದ. ಸ್ವಿಗ್ಗಿ, ಜೊಮ್ಯಾಟೊ, ಓಲಾದಲ್ಲಿ ದುಡಿಯೋರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಂಪನಿಯೇ ಕಟ್ಟಬೇಕು. ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚ್ತದ, ರೇಟಿಂಗ್ ಕೊಡ್ತದ ಅಂತ ದುಡಿಯೋನಿಗೆ ತಿಳಿಸಬೇಕು. ಕಾರಣ ಹೇಳಿ, 14 ದಿನ ಮೊದಲೇ ನೋಟಿಸ್ ಕೊಡದೆ ತೆಗೆದು ಹಾಕೋ ಹಾಗಿಲ್ಲ. ಇಷ್ಟೇ ನಮಗೂ ಬೇಕಾಗಿರೋದು. ಬೆಂಗಳೂರಿನ ಡೆಲಿವರಿ ಹುಡುಗನಿಗೆ ಇರೋ ಹಕ್ಕು ವಾಡಿಯ ಗುತ್ತಿಗೆ ಕಾರ್ಮಿಕನಿಗೆ, ತೆಂಗಳಿಯ ಕೂಲಿ ಹೆಣ್ಣುಮಗಳಿಗೆ ಯಾಕೆ ಬೇಡ?

ನಮ್ಮ ಬೇಡಿಕೆ ಹೀಗಿರಲಿ ಅಂತ ನನ್ನ ಪ್ರಸ್ತಾವ:

1. ಯಾವುದೇ ಕಂಪ್ಯೂಟರ್ ತೀರ್ಮಾನದಿಂದ ಪಡಿತರ, ಪಿಂಚಣಿ, ಕೂಲಿ ನಿಲ್ಲಿಸೋ ಮೊದಲು ಒಬ್ಬ ಅಧಿಕಾರಿ ಮನೆಗೆ ಬಂದು ನೋಡಬೇಕು, ಕನ್ನಡದಲ್ಲಿ ಲಿಖಿತ ಕಾರಣ ಕೊಡಬೇಕು. ಮೇಲ್ಮನವಿ ತೀರ್ಮಾನ ಆಗೋವರೆಗೆ ಸೌಲಭ್ಯ ನಿಲ್ಲಬಾರದು.

2. ಒಂದು ಇಲಾಖೆ ಸಾಫ್ಟ್‌ವೇರ್ ತಂದು ಹುದ್ದೆ ಕಮ್ಮಿ ಮಾಡೋದಾದ್ರೆ, ಎಷ್ಟು ಮೀಸಲು ಹುದ್ದೆ ಹೋಗ್ತಾವ ಅಂತ ಮೊದಲೇ ಪ್ರಕಟಿಸಬೇಕು. ಬ್ಯಾಕ್‌ಲಾಗ್ ಭರ್ತಿ ಆಗದೆ ಒಂದು ಹುದ್ದೆಯೂ ರದ್ದಾಗಬಾರದು.

3. ಸರ್ಕಾರಿ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲು ಅದ. ಎಐ, ಡೇಟಾ, ಸಾಫ್ಟ್‌ವೇರ್ ಗುತ್ತಿಗೆಗಳನ್ನೂ ಸಣ್ಣ ಸಣ್ಣದಾಗಿ ಒಡೆದು ಅದರೊಳಗೆ ತರಬೇಕು. ನಮ್ಮ ಎಂಜಿನಿಯರ್‌ಗಳು ಮಾಲೀಕರೂ ಆಗಲಿ.

4. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ತಾಲ್ಲೂಕಿಗೊಂದು ಸುಸಜ್ಜಿತ ಕಂಪ್ಯೂಟರ್ ಕೇಂದ್ರ, ಅದೂ ಹಾಸ್ಟೆಲ್ ಪಕ್ಕದಲ್ಲೇ ಆಗಬೇಕು. ಸೇಡಂ ಕಡೆಯ ಕನ್ನಡದಲ್ಲಿ ತೆಲುಗು, ಉರ್ದು ಕೂಡಿರ್ತದ. ತಾಂಡಾದಲ್ಲಿ ಲಂಬಾಣಿ ಮಾತಾಡ್ತಾರ. ಆ ಮಾತು ಅರ್ಥ ಆಗೋ ಯಂತ್ರವನ್ನ ಆ ಮಾತು ಆಡೋ ಮಕ್ಕಳೇ ಮಾಡಬೇಕು.

5. ಸಿಮೆಂಟ್ ಕಾರ್ಖಾನೆಗಳು ಆಟೊಮೇಷನ್ ಮಾಡಿದ್ರೆ ಭೂಮಿ ಕೊಟ್ಟವರಿಗೆ, ಗುತ್ತಿಗೆಯವರಿಗೆ ಹೊಸ ಕೆಲಸದ ತರಬೇತಿ ಮತ್ತು ಕಾಯಂ ಹುದ್ದೆ ಕೊಡೋದು ಷರತ್ತಾಗಬೇಕು.

6. ಪ್ರತಿ ಪುರಸಭೆಗೂ ಮೊದಲ ಯಂತ್ರ ಮ್ಯಾನ್‌ಹೋಲಿಗೆ. ಉಳಿದಿದ್ದು ಆಮ್ಯಾಲೆ.

ಬರೀ ಲೈಕ್ ಒತ್ತಿ ಮುಂದೆ ಹೋಗಬ್ಯಾಡ್ರಿ. ನಿಮ್ಮ ಪಂಚಾಯಿತಿಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಒಂದು ಆರ್‌ಟಿಐ ಹಾಕ್ರಿ: "ನಮ್ಮ ತಾಲ್ಲೂಕಿನಲ್ಲಿ ಕಳೆದ ಮೂರು ವರ್ಷದಲ್ಲಿ ರದ್ದಾದ ಪಡಿತರ ಚೀಟಿ ಎಷ್ಟು, ಪರಿಶಿಷ್ಟರವು ಎಷ್ಟು, ಯಾವ ತಂತ್ರಾಂಶದ ಆಧಾರದ ಮೇಲೆ?" ಒಂದೇ ವಿಷಯ, 150 ಪದದೊಳಗೆ ಬರೀರಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರ ಬಂದ ಮೇಲೆ ಗ್ರಾಮಸಭೆಯಲ್ಲಿ ಓದ್ರಿ. ಬರುವ ಏಪ್ರಿಲ್ 14ಕ್ಕೆ ಡಿಜೆ ಒಂದು ತಾಸು ತಡವಾಗಿ ಶುರು ಆದ್ರೂ ಪರವಾಗಿಲ್ಲ, ಆ ಒಂದು ತಾಸು ನಮ್ಮ ಮಕ್ಕಳ ನೌಕರಿ ಬಗ್ಗೆ ಕೂತು ಮಾತಾಡೋಣ. ಆರ್‌ಟಿಐ ಬರೆಯೋಕೆ ಸಹಾಯ ಬೇಕಾದವರು ಕಮೆಂಟ್‌ನಲ್ಲಿ ಊರಿನ ಹೆಸರು ಹಾಕ್ರಿ, ಕೂಡಿ ಬರೆಯೋಣ.

ಶಿಕ್ಷಣ, ಸಂಘಟನೆ, ಹೋರಾಟ. ಮೂರೂ ಈಗ ಕಂಪ್ಯೂಟರ್ ಪರದೆಯ ಮುಂದೆಯೂ ಬೇಕು.

ಜೈ ಭೀಮ್. ಜೈ ಸಂವಿಧಾನ.